ವಾಂತಿಯವಳ ಕಾರು ಪರೀಕ್ಷೆ

ನಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದಾಗಲೆಲ್ಲ ಎಲ್ಲರೂ ಮೊದಲು ನನ್ನ ಮುಖ ನೋಡುತ್ತಿದ್ದರು. ಕಾರಣ ಗೌರವವಲ್ಲ, ವಾಂತಿ. ನಾಲ್ಕು ಚಕ್ರದ ಯಾವ ಗಾಡಿ ಹತ್ತಿದರೂ ಊರು ದಾಟುವುದರೊಳಗೆ ನನ್ನ ಬಾಯಲ್ಲಿ ನೀರೂರುತ್ತದೆ, ಕಿವಿ ಬಿಸಿಯಾಗುತ್ತದೆ, ಆಮೇಲೆ ಆಗುವುದು ಆಗಿಯೇ ತೀರುತ್ತದೆ. ಅವ್ವನಿಂದ ನನಗೂ ಅಕ್ಕನಿಗೂ ಸಮಪಾಲಾಗಿ ಬಂದ ಆಸ್ತಿ ಇದು. ಚಿಕ್ಕವರಿದ್ದಾಗ ಅವ್ವ ಇದು ಹೋಗಲೆಂದೇ ಹರಕೆ ಹೊತ್ತು ನಮ್ಮನ್ನು ಹುಲಗೂರಿನ ದರ್ಗಾಕ್ಕೆ ಕರೆದೊಯ್ದಿದ್ದಳು. ಹೋಗುವಾಗ ಬಸ್ಸಿನ ಒಂದು ಕಿಟಕಿಯಲ್ಲಿ ಅವಳ ತಲೆ, ಇನ್ನೊಂದರಲ್ಲಿ ನಮ್ಮಿಬ್ಬರದು. ಬರುವಾಗಲೂ ಹಾಗೆಯೇ ಬಂದೆವು.

ನನ್ನನ್ನು ಸವಣೂರಿಗೆ ಕೊಟ್ಟರು, ಅಕ್ಕನನ್ನು ಚಿಕ್ಕೇರೂರಿಗೆ. ನಕಾಶೆಯಲ್ಲಿ ನೋಡಿದರೆ ದೂರವೇನಲ್ಲ. ಆದರೆ ನಾನು ಅಲ್ಲಿಗೆ ತಲುಪಿದೊಡನೆ ಚಾಪೆಯ ಮೇಲೆ ಬೀಳುತ್ತಿದ್ದೆ. ಅಕ್ಕ ಕಿಟಕಿ ಮುಚ್ಚಿ, ತಲೆಗೆ ಒದ್ದೆ ಬಟ್ಟೆ ಹಾಕಿ, ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು. ಎದ್ದು ಕುಳಿತು ನಾಲ್ಕು ಮಾತಾಡುವಷ್ಟರಲ್ಲಿ ಹೊರಡುವ ಹೊತ್ತಾಗುತ್ತಿತ್ತು. ಅವಳು ನಮ್ಮಲ್ಲಿಗೆ ಬಂದರೆ ಅವಳು ಮಲಗುತ್ತಿದ್ದಳು, ನಾನು ಬಾಗಿಲು ಎಳೆಯುತ್ತಿದ್ದೆ. ಕಳೆದ ಸಲ ನಾನು ಹೋಗಿ ಬಂದ ಮೇಲೆ ಫೋನಿನಲ್ಲಿ, "ಇನ್ನ ನೀ ಬರಬ್ಯಾಡವಾ. ನಿನ್ನ ಸಂಕಟ ನೋಡಾಕ ನನ್ನ ಕಡಿಂದ ಆಗೂದಿಲ್ಲ" ಎಂದುಬಿಟ್ಟಳು. ಪ್ರೀತಿಯಿಂದಲೇ ಅಂದಿದ್ದು, ಗೊತ್ತು. ಆದರೂ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಷ್ಟರಲ್ಲಿ ನಮ್ಮ ಮೈದುನನ ತಲೆಗೆ ಹೈಬ್ರಿಡ್ ಹೊಕ್ಕಿತು. ಅವನೂ ನನ್ನ ಗಂಡನೂ ಸೇರಿ ವೀಳ್ಯದೆಲೆ ವ್ಯಾಪಾರ ಮಾಡುತ್ತಾರೆ. ವ್ಯಾಪಾರ ಕೈಹಿಡಿದಿತ್ತು, ದೊಡ್ಡ ಕಾರೇ ಬೇಕೆಂದು ಅಣ್ಣತಮ್ಮಂದಿರ ಆಸೆ. ಮೈದುನ ಊಟಕ್ಕೆ ಕುಳಿತರೂ ಫೋನಿನಲ್ಲಿ ಕಾರುಗಳ ರಿವ್ಯೂ ಹಚ್ಚಿಕೊಂಡಿರುತ್ತಿದ್ದ. ಕಂಫರ್ಟು, ಪರ್ಫಾರ್ಮೆನ್ಸು, ವ್ಯಾಲ್ಯೂ, ಈ ಮೂರು ಮಾತು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

"ವೈನೀ, ಇದು ಪೆಟ್ರೋಲ್ ಮ್ಯಾಲೂ ಓಡ್ತೈತಿ, ಬ್ಯಾಟ್ರಿ ಮ್ಯಾಲೂ ಓಡ್ತೈತಿ. ಸಪ್ಪಳ ಇಲ್ಲ, ವಾಸನಿ ಇಲ್ಲ. ನಿಮಗ ವಾಂತಿ ಆಗೂ ಸವಾಲೇ ಇಲ್ಲ!" ಎಂದು ಅತ್ತಿಗೆಯಾದ ನನಗೆ ಆಸೆ ಹಚ್ಚಿದ.

"ಚಿಕ್ಕೇರೂರಿಗೇ ಹೋಗಿ ಬರೂಣು" ಎಂದರು ನನ್ನ ಗಂಡ. "ನೀ ತಡಕೊಂಡಿ ಅಂದ್ರ ಗಾಡಿ ಪಾಸ್."

"ನಾನೇನ್ ನಿಮ್ಮ ತಕ್ಕಡಿ ಕಲ್ಲೇನ್ರಿ?" ಎಂದು ರೇಗಿದೆನಾದರೂ ಒಳಗೊಳಗೇ ಕುತೂಹಲ ಹುಟ್ಟಿತ್ತು. ಸಪ್ಪಳವಿಲ್ಲದ, ವಾಸನೆಯಿಲ್ಲದ ಗಾಡಿಯಲ್ಲಿ ನನ್ನ ಹೊಟ್ಟೆ ಏನು ಮಾಡುತ್ತದೋ ನನಗೂ ನೋಡಬೇಕಿತ್ತು. ಇದರಲ್ಲೂ ಆಗದಿದ್ದರೆ ಅಕ್ಕನ ಮಾತೇ ಖರೆ, ಇನ್ನು ಹೋಗುವುದೇ ಬೇಡ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಹೊರಡುವ ದಿನ ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, "ಇದೊಂದ್ಸಲ ಬರ್ತೇನಿ" ಎಂದೆ.

ಶೋರೂಮಿನಿಂದ ಟೈ ಕಟ್ಟಿದ, ನಡುವಯಸ್ಸಿನ ಸೇಲ್ಸಿನವರೊಬ್ಬರು ಕಾರು ತಂದರು. ಬಾಗಿಲು ಹಾಕಿದರೆ ಕಪಾಟು ಮುಚ್ಚಿದಷ್ಟು ಮೆತ್ತಗೆ ಸದ್ದು. ಹಿಂದಿನ ಸೀಟಿನಲ್ಲಿ ಕುಳಿತು ಮೊದಲು ಮೂಸಿ ನೋಡಿದೆ. ಡೀಸೆಲ್ ಇಲ್ಲ, ರೆಕ್ಸಿನ್ ವಾಸನೆ ಇಲ್ಲ. ಕಾಲು ಚಾಚಿದೆ, ಸಾಕಷ್ಟು ಜಾಗ. ಸೇಲ್ಸಿನವರು ಗಾಡಿ ಹೊರಡಿಸಿದ್ದು ತಿಳಿಯಲೇ ಇಲ್ಲ, ನಮ್ಮ ಓಣಿಯ ಮನೆಗಳೇ ಹಿಂದಕ್ಕೆ ಸರಿದಂತಾಯಿತು. ಮುಂದಿನ ಪರದೆಯ ಮೇಲೆ ಚಿಕ್ಕ ಚಿಕ್ಕ ಬಾಣಗಳು ಓಡಾಡುತ್ತಿದ್ದವು.

"ಅವೇನ್ರಿ ಬಾಣ?"

"ಬ್ರೇಕ್ ಒತ್ತಿದಾಗ ಗಾಲಿಯಿಂದ ಬ್ಯಾಟ್ರಿಗೆ ಕರೆಂಟ್ ಹೋಗ್ತೈತ್ರಿ ಮೇಡಂ. ಪುಕ್ಕಟೆ ಚಾರ್ಜ್."

ನಿಲ್ಲಿಸಿದ್ದೂ ಲೆಕ್ಕಕ್ಕೆ ಬರುತ್ತದಲ್ಲ ಎಂದು ನನಗೆ ಬಹಳ ಸೋಜಿಗವಾಯಿತು. ಇಂಜಿನ್ ಯಾವಾಗ ಹತ್ತುತ್ತದೆ, ಯಾವಾಗ ಆರುತ್ತದೆ, ಯಾರು ಹೇಳಿ ಆರಿಸುತ್ತಾರೆ ಎಂದು ಕೇಳುತ್ತಲೇ ಹೋದೆ. ಶಿಗ್ಗಾಂವಿ ದಾಟಿತು, ಏನೂ ಆಗಲಿಲ್ಲ. ಮೈದುನ ಹಿಂತಿರುಗಿ, "ಕಂಫರ್ಟಿಗೆ ಹತ್ತಕ್ಕ ಹತ್ತು!" ಎಂದ.

ಅವನ ಬಾಯಿಗೆ ಏನು ಹೇಳಲಿ! ಹಾನಗಲ್ಲಿನ ದಾರಿ ಹಿಡಿದು ಒಂದೆರಡು ತಿರುವು ದಾಟುವುದರೊಳಗೆ ಕಿವಿ ಬಿಸಿಯಾಯಿತು. ಗಾಡಿ ನಿಲ್ಲಿಸಿ ನನ್ನನ್ನು ಮುಂದೆ ಕೂರಿಸಿದರು. ಸ್ವಲ್ಪ ಹೊತ್ತು ಹಾಯೆನಿಸಿತು. ಆಮೇಲೆ ಒಮ್ಮೆಲೇ ಒಳಗಿದ್ದದ್ದೆಲ್ಲ ಗಂಟಲಿಗೆ ಬಂತು. ಬಾಗಿಲು ತೆಗೆಯಲಿಕ್ಕಷ್ಟೇ ವೇಳೆ ಸಿಕ್ಕಿತು.

ರಸ್ತೆ ಬದಿಯ ಬೇವಿನ ಮರದ ಕೆಳಗೆ ಬಾಯಿ ತೊಳೆದುಕೊಂಡು ಕುಳಿತೆ. ಅಳು ಬಂತು. ನಾಚಿಕೆಯಿಂದಲ್ಲ, ಅಕ್ಕನ ಮನೆ ಇನ್ನು ಮುಗಿಯಿತೆಂದು. ನನ್ನ ಗಂಡ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಮೈದುನ ತಪ್ಪು ಮಾಡಿದವನ ಹಾಗೆ ಗಾಲಿ ನೋಡುತ್ತಿದ್ದ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಸೇಲ್ಸಿನವರನ್ನು ಹಿಡಿದೆ.

"ದಿನಾ ಗಾಡಿಯಾಗ ತಿರಗತೀರಿ, ನಿಮಗ ಒಮ್ಮೆರೆ ವಾಂತಿ ಬರೂದಿಲ್ಲೇನ್ರಿ?"

ಅವರು ಟೈ ಸಡಿಲಿಸಿಕೊಂಡರು. "ಖರೆ ಹೇಳ್ತೇನ್ರಿ ಮೇಡಂ, ಶೋರೂಮಿನ್ಯಾಗ ಹೇಳಬ್ಯಾಡ್ರಿ. ನನಗೂ ಬರ್ತೈತಿ. ಮತ್ಯಾರರ ಗಾಡಿ ಹೊಡದು ನಾ ಬಾಜೂಕ ಕುಂತ್ರ ಬರ್ತೈತಿ. ನಾನ ಹೊಡದ್ರ ಬರೂದಿಲ್ಲ."

ನಾನು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದವಳು ಥಟ್ಟನೆ ಎದ್ದು ನಿಂತೆ. ಸ್ಕೂಟಿ ಕಲಿಯುವಾಗ ಡ್ರೈವಿಂಗ್ ಸ್ಕೂಲಿನವರು ಎರಡೂ ಲೈಸೆನ್ಸ್ ಒಟ್ಟಿಗೇ ಆಗಲಿ ಎಂದು ನನಗೆ ಕಾರನ್ನೂ ಕಲಿಸಿದ್ದರು. ಆ ಮುರುಕು ಕಾರಿನಲ್ಲಿ ಡೀಸೆಲ್ ಹೊಗೆ ಒಳಗೇ ಸುತ್ತುತ್ತಿತ್ತು. ಅದರಲ್ಲಿ ಒಮ್ಮೆಯೂ ವಾಂತಿ ಆಗಿರಲಿಲ್ಲ! ಅಂಜಿಕೆಗೆ ಹೊಟ್ಟೆ ಗಪ್ಪಾಗಿದೆ ಎಂದು ಮನೆಯವರೆಲ್ಲ ನಕ್ಕಿದ್ದರು, ನಾನೂ ನಕ್ಕಿದ್ದೆ. ಆಮೇಲೆ ಕಾರು ಮುಟ್ಟುವ ಪ್ರಸಂಗವೇ ಬರಲಿಲ್ಲ. ಪೇಟೆಗೆ ಸ್ಕೂಟಿ ಸಾಕಾಗಿತ್ತು.

"ಕೀಲಿ ಕೊಡ್ರಿ" ಎಂದೆ.

"ಹುಚ್ಚ ಹಿಡದೈತೇನ?" ಎಂದರು ನನ್ನ ಗಂಡ. "ಇಷ್ಟ್ ತುಟ್ಟಿ ಗಾಡಿ, ಅದೂ ಮಂದೀದು!"

"ಸೀಟಿನ ಮ್ಯಾಲ ವಾಂತಿ ಮಾಡಿದ್ರ ನಡೀತೈತಿ, ಗಾಡಿ ಹೊಡದ್ರ ನಡಿಯೂದಿಲ್ಲೇನ್ರಿ? ಲೈಸೆನ್ಸ್ ಏನ್ ಪೂಜಾಕ ಇಟ್ಟೇನೇನು?"

ಸೇಲ್ಸಿನವರು ನನ್ನ ಪರ್ಸಿನಲ್ಲಿದ್ದ ಲೈಸೆನ್ಸ್ ನೋಡಿದರು. "ಕ್ಲಚ್ ಇಲ್ರಿ ಇದಕ್ಕ, ಗೇರ್ ಇಲ್ಲ. ಸ್ಕೂಟಿ ಇದ್ದಂಗ. ನಾ ಬಾಜೂಕ ಇರ್ತೇನಿ, ಸಾವಕಾಶ ಹೊಡೀರಿ" ಎಂದು ಕೀಲಿ ಕೊಟ್ಟರು. ಮೊದಲು ಖಾಲಿ ರಸ್ತೆಯಲ್ಲಿ ಅತ್ತಿಂದಿತ್ತ ಓಡಿಸಿದೆ, ಆಮೇಲೆ ಮುಂದಕ್ಕೆ ಹೊರಟೆ. ನನ್ನ ಗಂಡ ಹಿಂದೆ ಹಿಡಿಕೆ ಹಿಡಿದು ಕುಳಿತವರು ಹಾನಗಲ್ಲು ಬರುವವರೆಗೆ ಕೈ ಸಡಿಲಿಸಲಿಲ್ಲ. ಗೋವಿನಜೋಳ ತುಂಬಿದ ಟ್ರ್ಯಾಕ್ಟರನ್ನು ಹಿಂದೆ ಹಾಕಿದಾಗ "ಅಯ್ಯೋ" ಎಂದರು. ಕಾಲು ಒತ್ತಿದರೆ ಗಾಡಿ ಹೇಳಿದಂತೆ ಕೇಳುತ್ತಿತ್ತು, ಹೊಂಡ ಬಂದರೂ ಸೊಂಟಕ್ಕೆ ತಿಳಿಯುತ್ತಿರಲಿಲ್ಲ. ಒಂದು ಕಡೆ ಎಮ್ಮೆಗಳು ರಸ್ತೆ ತುಂಬ ನಡೆಯುತ್ತಿದ್ದವು. ಬ್ಯಾಟರಿಯ ಮೇಲೆ ಸದ್ದಿಲ್ಲದೆ ಅವುಗಳ ಬಾಲದವರೆಗೂ ಹೋಗಿ ನಿಂತೆ, ಒಂದೂ ಕಿವಿ ಅಲ್ಲಾಡಿಸಲಿಲ್ಲ.

"ಏ ಅಕ್ಕಾರ, ಹಾರ್ನ್ ಹೊಡೀರಿ! ಎಮ್ಮಿಗೆ ಹೆಂಗ ತಿಳೀಬೇಕು?" ಎಂದು ಕಾಯುವವನು ಕೂಗಿದ.

ನಾನು ನಕ್ಕೆ. ನಗುತ್ತಿರುವಾಗಲೇ ಹೊಟ್ಟೆಯ ನೆನಪಾಯಿತು. ಅದು ತಣ್ಣಗೆ ಕುಳಿತಿತ್ತು.

ಇದನ್ನು ಹೇಳಿದೊಡನೆ ಮೈದುನನ ತಲೆ ಓಡಿತು. "ಅಂದ್ರ ವೈನೀ, ನೀವ ಹೊಡಿಯೂದಾದ್ರ ಯಾವ ಗಾಡಿ ಆದ್ರೂ ನಡೀತೈತಿ! ಇಷ್ಟ್ ರೊಕ್ಕ ಯಾಕ ಹಾಕಬೇಕು?" ಪಕ್ಕದಲ್ಲಿ ಸೇಲ್ಸಿನವರ ಮುಖ ಸಣ್ಣದಾಯಿತು. ಪಾಪ, ತಮ್ಮ ವ್ಯಾಪಾರವನ್ನು ತಾವೇ ಕೆಡಿಸಿಕೊಂಡಿದ್ದರು. "ಸುಮ್ನ ಕುಂಡ್ರು, ರಸ್ತೆ ನೋಡಾಕ ಬಿಡು" ಎಂದು ಮೈದುನನನ್ನು ಗದರಿಸಿದೆ. ಆ ಗಾಡಿಯ ಮೇಲೆ ನನಗೇ ಆಸೆ ಹುಟ್ಟಿತ್ತು.

ಅಕ್ಕ ಬಾಗಿಲಲ್ಲಿ ಕಾಯುತ್ತಿದ್ದಳು. ಕಾರು ನಿಂತೊಡನೆ ಓಡಿ ಬಂದು, ನನ್ನನ್ನು ಹಿಡಿದು ಇಳಿಸಲೆಂದು ಹಿಂದಿನ ಬಾಗಿಲು ತೆರೆದಳು. ಅಲ್ಲಿ ನನ್ನ ಗಂಡ ಕುಳಿತಿದ್ದರು.

"ಅಕಿ ಎಲ್ಲಿ?"

ನಾನು ಸ್ಟೇರಿಂಗಿನ ಹಿಂದಿನಿಂದ ಇಳಿದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಆದರೂ ರೂಢಿಯಂತೆ ರಟ್ಟೆ ಹಿಡಿದು ಒಳಗೆ ನಡೆಸಿದಳು. ಕೋಣೆಯಲ್ಲಿ ಚಾಪೆ ಹಾಸಿತ್ತು, ಕಿಟಕಿ ಮುಚ್ಚಿತ್ತು. ಗಂಡಸರಿಗೆಂದು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಅಡುಗೆಮನೆಯಲ್ಲಿ ಘಮಘಮಿಸುತ್ತಿದ್ದವು. ನನ್ನ ಪಾಲಿಗೆ ಒಂದು ಬಟ್ಟಲು ತಿಳಿ ಗಂಜಿ.

"ಮಕ್ಕೋ ಈಗ" ಎಂದಳು.

"ಯಕ್ಕಾ, ನನಗ ಹಸಿವಾಗೈತಿ."

"ಏನಂದಿ?"

"ಹಸಿವಾಗೈತಿ ಅಂದ್ನಿ. ರೊಟ್ಟಿ ಹಾಕು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮನೆಯಲ್ಲಿ ನಾನು ಉಣ್ಣಲು ಕೇಳಿದ್ದು ಅದೇ ಮೊದಲು. ಅಕ್ಕ ಗಂಜಿಯ ಬಟ್ಟಲನ್ನು ಅತ್ತ ಸರಿಸಿ ತಾಟು ತೊಳೆದಳು. ಎರಡು ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು. ನಾನು ತುತ್ತು ಮುರಿಯುವುದನ್ನು ನೋಡುತ್ತ ಎದುರಿಗೆ ಕುಳಿತಳು, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಹೊರಗಿನಿಂದ ನನ್ನ ಗಂಡ, ಊಟಕ್ಕೆ ಹೊತ್ತಾಯಿತಲ್ಲ ಎಂದು ಕೂಗಿದರು.

ಅಕ್ಕ ಕುಳಿತಲ್ಲಿಂದಲೇ ದನಿ ಎತ್ತಿದಳು: "ತಡೀರಿ ಒಂದೀಟು, ನನ್ನ ತಂಗಿ ಉಣ್ಣಾಕತ್ತಾಳ!"