ಗಫಾರ್ ಸಾಬ್ರ ಹಲಗೆ

ನಂಬಿ ಎಂದು ನಾನು ಯಾರನ್ನೂ ಬೇಡಿಕೊಳ್ಳುವುದಿಲ್ಲ. ನಂಬದವರು ಬಂದು ನಮ್ಮ ವ್ಯಾನಿನ ಹಿಂಬಾಗಿಲು ನೋಡಬಹುದು. ತಗಡಿನ ಮೇಲೆ ಅಕ್ಕಪಕ್ಕ ಎರಡು ಉಬ್ಬುಗಳಿವೆ, ಹಿಮ್ಮಡಿಯಷ್ಟು ಅಗಲ. ಒಳಗಿನಿಂದ ಹೊರಕ್ಕೆ ಉಬ್ಬಿದ್ದು. ಟಿಂಕರಿಂಗ್ ಮಾಡುವವನು ತಟ್ಟಿ ಸರಿ ಮಾಡಿಕೊಡುತ್ತೇನೆ ಎಂದ. ನಾನು ಬೇಡ ಎಂದೆ. ಯಾಕೆ ಸಾರ್ ಎಂದು ಕೇಳಿದ. ಅವನಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಾನು ಫೋಟೋ ತೆಗೆಯುವವನು. ಹರಾಜಿನಲ್ಲಿ ಕೊಂಡ ಹಳೆಯ ಬಸ್ಸೊಂದನ್ನೇ ಮನೆ ಮಾಡಿಕೊಂಡು ನಾನು, ನನ್ನ ಹೆಂಡತಿ ಗಿರಿಜಾ ಹದಿಮೂರು ವರ್ಷ ಊರೂರು ಸುತ್ತಿದ್ದೇವೆ. ಮುಂದುಗಡೆ ನೀಲಿ ಪರದೆ ಕಟ್ಟಿದ ಸ್ಟುಡಿಯೋ. ಮಧ್ಯೆ ಫೋಟೋ ತೊಳೆಯುವ ಕತ್ತಲೆ ಕೋಣೆ. ಅದರಾಚೆ ಸ್ಟೋವು, ನಮ್ಮ ಹಾಸಿಗೆ, ಒಂದು ಬಟ್ಟೆಯ ಮರೆ. ಎಲ್ಲಕ್ಕಿಂತ ಹಿಂದೆ ನಮ್ಮ ಡ್ರೈವರ್ ಗಫಾರ್ ಸಾಬ್ರ ಹಲಗೆ.

ಸಾಬ್ರು ಭದ್ರಾವತಿಯವರು. ಆರಡಿ ಮೀರಿದ ಆಳು. ಯಾವ ಸೀಟಿನಲ್ಲೂ ಅವರ ಕಾಲು ಹಿಡಿಸುತ್ತಿರಲಿಲ್ಲ. ಅದಕ್ಕೇ ಎಲ್ಲಿಂದಲೋ ಆರೂವರೆ ಅಡಿಯ ಸಾಗುವಾನಿ ಹಲಗೆಯೊಂದನ್ನು ಹೊತ್ತು ತಂದು ಬಸ್ಸಿನ ಹಿಂಭಾಗದಲ್ಲಿ ಹಾಕಿಕೊಂಡಿದ್ದರು. ರಾತ್ರಿ ಅದರ ಅಂಚಿನಲ್ಲಿ ಕೂತು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುವುದು. ಆಮೇಲೆ ಉದ್ದಕ್ಕೆ ಮಲಗಿ ಹಿಮ್ಮಡಿಯಿಂದ ಬಸ್ಸಿನ ತಗಡಿಗೆ ಎರಡು ಸಲ ಬಡಿಯುವುದು. ಟಕ್, ಟಕ್. ಬಸ್ಸಿನ ಭಾಷೆ ಗೊತ್ತಲ್ಲ... ಕಂಡಕ್ಟರ್ ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೋಗು. ಸಾಬ್ರ ಆ ಎರಡು ಏಟು ಕೇಳಿಸಿದ ಮೇಲೆಯೇ ಗಿರಿಜಾ ದೀಪ ಆರಿಸುತ್ತಿದ್ದಳು.

ಒಮ್ಮೆ ಶಂಕರಘಟ್ಟದ ಹತ್ತಿರ ಬಸ್ಸು ನಿಲ್ಲಿಸಿಕೊಂಡಿದ್ದಾಗ, ನಾವಿಬ್ಬರೇ ಇದ್ದಾಗ, ಅವರು ನನ್ನನ್ನು ಕರೆದು ಕೂರಿಸಿಕೊಂಡರು.

"ಸೋಮಣ್ಣ, ನಂದೊಂದು ಮಾತು ಐತೆ. ನಾನ್ ಹೋದ್ಮೇಲೆ ಈ ಹಲಗೇನ ಖಬರಸ್ತಾನಕ್ಕೆ ಕಳಿಸ್ಬಿಡಿ. ಮಯ್ಯತ್ ಮೇಲೆ ಮಣ್ಣು ಬೀಳ್ದಂಗೆ ಹಲಗೆ ಮುಚ್ತಾರಲ್ಲ, ನಂಗೆ ಇದನ್ನೇ ಹಾಕ್ಲಿ. ಇಷ್ಟು ದಿನ ನನ್ನ ಕೆಳಗಿತ್ತು, ಆವಾಗ ಮೇಲಿರ್ಲಿ."

ನಾನು ಹೂಂ ಎಂದೆ. ತಮಾಷೆಗೆ ಹೇಳಿದ್ದಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಭದ್ರಾವತಿಯಲ್ಲಿ ಮಗಳ ಮನೆಗೆ ಹೋದ ಸಾಬ್ರು ಅಲ್ಲೇ ನಿದ್ದೆಯಲ್ಲಿ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ನಮ್ಮ ಬಸ್ಸು ಖಬರಸ್ತಾನದಿಂದ ಒಂದು ಫರ್ಲಾಂಗ್ ದೂರದಲ್ಲೇ ನಿಂತಿತ್ತು. ಹಲಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ನೆನಪಿತ್ತು. ಹಾಗೇ ಒಳ್ಳೆಯ ಸಾಗುವಾನಿ, ಮಣ್ಣಿಗೆ ಹಾಕಿದರೆ ಗೆದ್ದಲಿಗೆ ತಾನೇ ಎಂಬುದೂ ತಲೆಗೆ ಬಂತು. ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಗಿರಿಜಾಗೆ ಈ ವಿಷಯ ಗೊತ್ತೇ ಇರಲಿಲ್ಲ.

ಸಾಬ್ರಿಲ್ಲದೆ ಆ ದೊಡ್ಡ ಗಾಡಿ ಓಡಿಸುವವರಿಲ್ಲ. ನನ್ನ ಲೈಸೆನ್ಸು ಸಣ್ಣ ಗಾಡಿಗೆ ಮಾತ್ರ. ಕಲರ್ ಲ್ಯಾಬುಗಳು ಬಂದು ಕತ್ತಲೆ ಕೋಣೆಯ ಕೆಲಸವೂ ನಿಂತಿತ್ತು. ಕೊನೆಗೆ ಬಸ್ಸನ್ನು ಗುಜರಿಗೆ ಕೊಟ್ಟು, ಶಾಲಾ ಮಕ್ಕಳನ್ನು ಸಾಗಿಸುತ್ತಿದ್ದ ಹಳೆಯ ಪುಟ್ಟ ವ್ಯಾನೊಂದನ್ನು ಕೊಂಡೆ. ಮನೆಯೊಂದನ್ನು ಪೆಟ್ಟಿಗೆಗೆ ತುಂಬಿದ ಹಾಗಾಯಿತು. ಎಡಕ್ಕೊಂದು ಬೆಂಚು, ಬಲಕ್ಕೊಂದು ಬೆಂಚು, ಮಧ್ಯೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ, ಡ್ರೈವರ್ ಸೀಟಿನ ಹಿಂದೆ ಸ್ಟೋವು.

ಗಿರಿಜಾ ಒಳಗೆ ತಲೆ ಹಾಕಿ ನೋಡಿದಳು.

"ಇದ್ರಲ್ಲಿ ಮನುಷ್ಯರು ಇರಕ್ಕಾಗುತ್ತೇನ್ರೀ?"

"ಇಬ್ರಿಗೆ ಇನ್ನೆಷ್ಟು ಬೇಕು ಮಾರಾಯ್ತಿ?"

"ಅಣ್ಣ ಭದ್ರಾವತೀಲಿ ಹಿಂದಿನ ರೂಮು ಖಾಲಿ ಮಾಡಿಟ್ಟಿದಾನೆ. ಇದ್ರಲ್ಲಿ ಒಂದು ರಾತ್ರಿ ಮಲಗಿ ನೋಡ್ತೀನಿ. ನಿದ್ದೆ ಬಂತೋ, ನಿಮ್ ಜೊತೆ ಬರ್ತೀನಿ. ಬರ್ಲಿಲ್ವೋ, ನನ್ನನ್ನ ಅಲ್ಲಿ ಇಳಿಸಿ ನೀವೊಬ್ರೇ ಸುತ್ತಿ."

ಗಿರಿಜಾ ಇಲ್ಲದೆ ನನ್ನ ಕಸುಬೇ ಇಲ್ಲ. ಮಕ್ಕಳ ತಲೆ ಬಾಚಿ, ಪೌಡರ್ ಹಚ್ಚಿ, ಅಳುವವರನ್ನು ನಗಿಸಿ ಸ್ಟೂಲಿನ ಮೇಲೆ ಕೂರಿಸುವವಳು ಅವಳು. ನಾನು ಬಟನ್ ಒತ್ತುವವನು ಅಷ್ಟೆ. ಕಸುಬಿನ ಮಾತು ಬಿಡಿ, ಅವಳಿಲ್ಲದ ಗಾಡಿಯಲ್ಲಿ ನಾನೊಬ್ಬನೇ ಅನ್ನ ಬೇಯಿಸಿಕೊಂಡು ಕೂರುವುದು ನನ್ನಿಂದಾಗದ ಮಾತು. ಆ ಒಂದು ರಾತ್ರಿ ಹೇಗಾದರೂ ಸರಿಯಾಗಿ ಕಳೆಯಬೇಕಿತ್ತು.

ಅವಳ ಬೆಂಚಿಗೆ ಪ್ಲೈವುಡ್ ಹಾಕಿಸಿದೆ. ನನ್ನದಕ್ಕೆ ಸಾಬ್ರ ಹಲಗೆ. ವ್ಯಾನಿಗೆ ಅದು ಹದಿನೈದು ಇಂಚು ಉದ್ದವಾಯಿತು. ಬಡಗಿ ಗರಗಸ ಎಳೆಯುತ್ತಿದ್ದವನು ನಡುವೆ ನಿಲ್ಲಿಸಿ ಸೀನಿದ.

"ಏನ್ ಸಾರ್ ಇದು, ಮರದೊಳಗೆ ನೀಲಗಿರಿ ಎಣ್ಣೆ ವಾಸ್ನೆ?"

ಹಳೆಯ ಹಲಗೆ, ಎಣ್ಣೆ ಹೀರಿಕೊಂಡಿರುತ್ತದೆ ಎಂದೆ. ಕತ್ತರಿಸಿದ ತುಂಡನ್ನೂ ಅವನು ಬಿಡಲಿಲ್ಲ. ಸ್ಟೋವಿನ ಅಡಿಗೆ ಹೊಂದಿಸಿ ಕೂರಿಸಿಕೊಟ್ಟ.

ಮರುದಿನ ಭದ್ರಾವತಿಯ ಶಾಲೆಯೊಂದರಲ್ಲಿ ಗ್ರೂಪ್ ಫೋಟೋ ಇತ್ತು. ಸಂಜೆ ಗಾಂಧಿ ಬಜಾರಿನಲ್ಲಿ ಕರ್ಟನ್ ಬಟ್ಟೆ, ರಿಂಗು ತೆಗೆದುಕೊಂಡು ಶಿವಮೊಗ್ಗ ಬಿಟ್ಟೆವು. ಮಲವಗೊಪ್ಪ ದಾಟಿ ಒಂದಿಷ್ಟು ದೂರ ಹೋದ ಮೇಲೆ ರಸ್ತೆಯಿಂದ ಇಳಿಸಿ ಹುಣಸೆಮರದ ಕೆಳಗೆ ವ್ಯಾನ್ ನಿಲ್ಲಿಸಿದೆ. ಬಸ್ಸಿದ್ದಾಗಲೂ ಅಲ್ಲೇ ನಿಲ್ಲುತ್ತಿದ್ದೆವು. ಕರ್ಟನ್ ಕಟ್ಟುವುದು ನಾಳೆಗಾಯಿತು ಎಂದು ಗಿರಿಜಾ ಹಾಗೇ ಮಲಗಿದಳು. ಮಾಗಿಯ ಚಳಿ. ದೂರದಲ್ಲಿ ಗೂಡ್ಸ್ ರೈಲೊಂದು ಹೋದ ಸದ್ದು... ಆಮೇಲೆ ಜೀರುಂಡೆ ಮಾತ್ರ.

ಎಷ್ಟು ಹೊತ್ತಾಗಿತ್ತೋ. ವಾಸನೆಗೆ ಎಚ್ಚರವಾಯಿತು.

ನೀಲಗಿರಿ ಎಣ್ಣೆ. ಮರದೊಳಗೆ ಉಳಿದ ಹಳೆಯ ವಾಸನೆಯಲ್ಲ ಅದು. ಈಗಷ್ಟೇ ಬಾಟಲಿ ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡರೆ ಬರುವ, ಕಣ್ಣು ಉರಿಸುವ ವಾಸನೆ. ಜೊತೆಗೆ ಒಣಗಿದ ಚರ್ಮದ ಮೇಲೆ ಅಂಗೈ ಉಜ್ಜುವ ಸದ್ದು. ಸರ್... ಸರ್... ನನ್ನ ಕಾಲ ಬಳಿ ಹಲಗೆ ಸ್ವಲ್ಪ ಬಗ್ಗಿತು. ಅಂಚಿನಲ್ಲಿ ಯಾರೋ ಕೂತರೆ ಬಗ್ಗುವ ಹಾಗೆ.

ನಾನು ಉಸಿರು ಹಿಡಿದೆ. ಗಿರಿಜಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವಳು ಏಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಟಕ್.

ಹಿಂಬಾಗಿಲ ತಗಡಿಗೆ ಒಂದೇ ಏಟು.

"ಏನ್ರೀ ಅದು?" ಗಿರಿಜಾ ತಿರುಗದೆ ಕೇಳಿದಳು.

"ನನ್ ಕಾಲು ತಾಗ್ತು. ಮಲ್ಕೊ."

ನಾನು ಐದಡಿ ಎರಡಂಗುಲದವನು. ನನ್ನ ಕಾಲಿಗೂ ಬಾಗಿಲಿಗೂ ನಡುವೆ ಇನ್ನೂ ಜಾಗವಿತ್ತು. ಸುಮ್ಮನೆ ಮಂಡಿ ಮಡಚಿಕೊಂಡು ಎದೆಗೆ ಒತ್ತಿ ಹಿಡಿದೆ. ಈಗ ಬಾಗಿಲ ಕಡೆಯ ಅರ್ಧ ಹಲಗೆಯ ಮೇಲೆ ನನ್ನದು ಎನ್ನುವುದು ಏನೂ ಇರಲಿಲ್ಲ.

ಟಕ್.

ಬಹಳ ಹೊತ್ತು ಬಿಟ್ಟು, ಮತ್ತೆ ಟಕ್. ಪ್ರತಿ ಸಲವೂ ಒಂದೇ. ಎರಡನೆಯದಕ್ಕೆ ನಾನು ಕಾಯುತ್ತಿದ್ದೆ, ಅದು ಬರುತ್ತಲೇ ಇರಲಿಲ್ಲ.

ಹುಣಸೆಯ ಕೊಂಬೆ ಬಡಿಯುತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ಟಾರ್ಚ್ ಹಿಡಿದು ಪಕ್ಕದ ಬಾಗಿಲಿನಿಂದ ಇಳಿದೆ. ಗಾಳಿ ಇರಲಿಲ್ಲ. ಕೊಂಬೆ ವ್ಯಾನಿಗಿಂತ ಒಂದಾಳು ಮೇಲಿತ್ತು. ಹಿಂದಕ್ಕೆ ಹೋಗಿ ಗಾಜಿನಿಂದ ಒಳಗೆ ಬೆಳಕು ಬಿಟ್ಟೆ. ಬಲಕ್ಕೆ ಕಂಬಳಿಯೊಳಗೆ ಗಿರಿಜಾ. ಎಡಕ್ಕೆ ನನ್ನ ಖಾಲಿ ಹಲಗೆ, ನನ್ನ ದಿಂಬು. ಸದ್ಯ ಎಂದುಕೊಂಡು ಎಡಗೈಯನ್ನು ಬಾಗಿಲಿನ ತಗಡಿನ ಮೇಲೆ ಊರಿದೆ.

ಅಂಗೈ ಕೆಳಗೇ ಏಟು ಬಿತ್ತು.

ತಗಡು ನನ್ನ ಕೈಯೊಳಕ್ಕೆ ಉಬ್ಬಿತು. ಒಳಗೆ ಹಲಗೆ ಖಾಲಿಯೇ ಇತ್ತು, ನಾನು ನೋಡುತ್ತಲೇ ಇದ್ದೆ. ಟಾರ್ಚ್ ಕೈಜಾರಿ ಬಿದ್ದು ಆರಿಹೋಯಿತು. ಓಡೋಣವೆಂದರೆ ಎಲ್ಲಿಗೆ... ಗಿರಿಜಾ ಒಳಗಿದ್ದಾಳೆ. ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳಿಕೊಂಡು, ಕತ್ತಲಲ್ಲಿ ವ್ಯಾನನ್ನು ತಡವುತ್ತ ಹತ್ತಿ, ಹಲಗೆಗೆ ಹೋಗದೆ ನೆಲದ ಮೇಲೇ ಕುಕ್ಕರಿಸಿದೆ.

ಟಕ್.

ಗಿರಿಜಾ ಎದ್ದು ಕೂತಳು. ದೀಪ ಹಾಕಲಿಲ್ಲ. ನನ್ನನ್ನು ದಾಟಿಕೊಂಡು ಹಿಂದಕ್ಕೆ ಹೋಗಿ ಚಿಲಕ ಎತ್ತಿ, ಹಿಂಬಾಗಿಲನ್ನು ಹೊರಕ್ಕೆ ನೂಕಿ ತೆರೆದಳು. ಚಳಿ ಒಳಗೆ ನುಗ್ಗಿತು. ಬಂದು ತನ್ನ ಜಾಗದಲ್ಲಿ ಕೂತು ಕಂಬಳಿ ಹೊದ್ದಳು.

"ಪಾಪ, ಕಾಲು ಚಾಚ್ಕೊಳ್ಲಿ ಬಿಡಿ," ಎಂದಳು.

ಹಲಗೆ ಒಮ್ಮೆ ಕಿರ್ರೆಂದಿತು, ಉದ್ದಕ್ಕೂ. ಆಮೇಲೆ ಸದ್ದಿಲ್ಲ.

ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಅವಳ ದನಿ ಮಾತ್ರ ನಡುಗುತ್ತಿರಲಿಲ್ಲ.

"ನಂಗೆ ಆವಾಗಿಂದ ಎಚ್ಚರ ಇದೆ. ಆ ವಾಸ್ನೆ ನಂಗೊತ್ತಿಲ್ವಾ? ಸಾಬ್ರು ನಿಮ್ಮತ್ರ ಏನಾದ್ರೂ ಕೇಳಿದ್ರಾ?"

ಸುಳ್ಳು ಹೇಳಬಹುದಿತ್ತು. ಆದರೆ ಕೈಯಳತೆಯಲ್ಲಿ ಆ ಹಲಗೆಯಿತ್ತು, ಅದರ ಮೇಲೆ ಕೇಳಿಸಿಕೊಳ್ಳುವವರಿದ್ದರು. ಎಲ್ಲ ಹೇಳಿದೆ. ಶಂಕರಘಟ್ಟದ ಮಾತು, ನನ್ನ ಹೂಂ, ಮಣ್ಣಿನ ದಿನ ನಾನು ಬಾಯಿ ಮುಚ್ಚಿಕೊಂಡಿದ್ದು.

"ಹದಿಮೂರು ವರ್ಷ ನಮ್ಮಿಬ್ರ ಜೀವ ಅವರ ಕೈಲಿತ್ತು ಕಣ್ರೀ. ಒಂದು ಹಲಗೆ ಕೊಡಕ್ಕಾಗ್ಲಿಲ್ವಾ ನಿಮಗೆ?"

ಕಂಬಳಿಯ ಒಂದು ತುದಿಯನ್ನು ನನ್ನತ್ತ ನೂಕಿದಳು.

"ಬೆಳಿಗ್ಗೆ ಮೊದ್ಲು ಇದನ್ನ ಅಲ್ಲಿಗೆ ಮುಟ್ಸಿ. ಆಮೇಲೆ ನನ್ನನ್ನ ಅಣ್ಣನ ಮನೇಲಿ ಬಿಡಿ."

ಬಾಗಿಲು ತೆರೆದೇ ಇಟ್ಟುಕೊಂಡು, ಒಂದೇ ಕಂಬಳಿಯಲ್ಲಿ ಕೂತು ಬೆಳಗು ಮಾಡಿದೆವು. ಭದ್ರಾವತಿ ಕಡೆಯಿಂದ ಕಾರ್ಖಾನೆಯ ಸೈರನ್ ಕೇಳಿದಾಗ ನಾನು ವ್ಯಾನ್ ಸ್ಟಾರ್ಟ್ ಮಾಡಿದೆ.

ಖಬರಸ್ತಾನದ ಗೇಟಿನಲ್ಲಿ ಗಿರಿಜಾ ವ್ಯಾನಿನಲ್ಲೇ ಕೂತಳು. ಗೋರಿ ತೋಡುವ ಮುದುಕರು ಒಳಗೆ ಕಸ ಗುಡಿಸುತ್ತಿದ್ದರು. ನಾನು ಹಲಗೆ ಹೊತ್ತು ಬರುವುದನ್ನು ನೋಡಿ ಪೊರಕೆ ಕೆಳಗಿಟ್ಟರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಗಫಾರ್ ಭಾಯಿ ಹಲಗೆನಾ?"

"ನಿಮಗೆ ಹೆಂಗೆ..."

"ಅವರೇ ಹೇಳಿದ್ರು. ಎಷ್ಟೋ ದಿನದ ಹಿಂದೆನೇ. ಫೋಟೋ ಬಸ್ಸಿಂದ ನನ್ನ ಹಲಗೆ ಬರ್ತೈತೆ, ಅದನ್ನೇ ಹಾಕ್ಬೇಕು ಚಾಚಾ ಅಂತ. ಮಣ್ಣಿನ ದಿವ್ಸ ಮಯ್ಯತ್ ಇಳಿಸಿ ಕಾದ್ವಿ ಸಾರ್. ಅರ್ಧ ಗಂಟೆ ಕಾದ್ವಿ. ಕೇಳಾಣ ಅಂದ್ರೆ ಬಸ್ಸಿನೋರು ಯಾರಂತ ಗೊತ್ತಿಲ್ಲ. ಬರ್ಲಿಲ್ಲ. ಬೇರೆ ಹಾಕಿ ಮುಚ್ಚಿದ್ವಿ."

ಆ ಅರ್ಧ ಗಂಟೆ ನನಗೆ ನೆನಪಿತ್ತು. ಜನರ ಹಿಂದೆ, ಬೇವಿನ ಮರದ ನೆರಳಲ್ಲಿ ನಾನು ನಿಂತಿದ್ದೆ. ಊರಿಂದ ಯಾರೋ ನೆಂಟರು ಬರಬೇಕೇನೋ, ಅದಕ್ಕೇ ತಡ ಎಂದುಕೊಂಡಿದ್ದೆ. ಎರಡು ಸಲ ಗಡಿಯಾರವನ್ನೂ ನೋಡಿಕೊಂಡಿದ್ದೆ.

ಮುದುಕರು ಹಲಗೆ ಇಳಿಸಿಕೊಂಡು ಗೋಡೆಗೆ ಒರಗಿಸಿದರು. ಮುಂದೆ ಯಾರ ಗೋರಿಗೆ ಬೇಕೋ ಅವರಿಗಾಗುತ್ತೆ, ಅದರ ಸವಾಬು, ಪುಣ್ಯ, ಗಫಾರ್ ಭಾಯಿಗೇ ಸೇರುತ್ತೆ ಎಂದರು. ನಾನು ಕೈಮುಗಿದು ಬಂದು ವ್ಯಾನಿನಲ್ಲಿ ಕೂತೆ. ಗೇರ್ ಹಾಕಿ ಕ್ಲಚ್ ಬಿಡುತ್ತಿದ್ದೆ.

ಟಕ್.

ಹಿಂಬಾಗಿಲಿಗೆ ಒಂದೇ ಏಟು. ಹಗಲು ಬೆಳಕಿನಲ್ಲಿ. ನಾನು ಬ್ರೇಕ್ ತುಳಿದೆ. ಹಿಂದೆ ಯಾರೂ ಇರಲಿಲ್ಲ, ನನ್ನ ಬೆಂಚಿನ ಖಾಲಿ ಚೌಕಟ್ಟು ಮಾತ್ರ. ಮುಂದಿನ ಸೀಟಿನಲ್ಲಿದ್ದ ಗಿರಿಜಾ ನನ್ನ ಮುಖವನ್ನೇ ನೋಡಿದಳು.

"ಇನ್ನೂ ಏನ್ ಇಟ್ಕೊಂಡಿದೀರಿ?"

ಸ್ಟೋವಿನ ಅಡಿಯ ತುಂಡು. ಅದು ನನಗೆ ನಿಜವಾಗಿ ಮರೆತಿತ್ತೋ ಅಥವಾ ಅಷ್ಟೊಂದಾದರೂ ಇರಲಿ ಎಂದು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದೆನೋ, ಇವತ್ತಿಗೂ ಹೇಳಲಾರೆ. ಸ್ಟೋವನ್ನು ಕೆಳಗಿಳಿಸಿ, ಕೈಗೆ ಸಿಕ್ಕಿದ ಸ್ಪ್ಯಾನರಿನಿಂದ ಮೀಟಿ ತುಂಡನ್ನು ಕಿತ್ತೆ. ಬೆರಳು ಕೊಯ್ದುಕೊಂಡಿತು. ಮುದುಕರು ಏನೂ ಕೇಳದೆ ತುಂಡನ್ನು ತೆಗೆದುಕೊಂಡು ಹಲಗೆಯ ಬುಡಕ್ಕೆ ಜೋಡಿಸಿದರು. ಮೊದಲಿನ ಉದ್ದವೇ ಆಯಿತು.

ವಾಪಸ್ ಬಂದು ಕೂತೆ. ಇಂಜಿನ್ ಓಡುತ್ತಿತ್ತು. ಎಡಕ್ಕೆ ತಿರುಗಿದರೆ ಅಣ್ಣನ ಮನೆ, ನೇರ ಹೋದರೆ ಶಾಲೆ. ಕೇಳಲು ಧೈರ್ಯವಾಗದೆ ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದೆ.

ಟಕ್, ಟಕ್.

ಗಿರಿಜಾಳ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಮುಂದೆ ನೋಡಿದಳು.

"ನೇರ ಹೋಗಿ. ಮಕ್ಕಳು ಯೂನಿಫಾರ್ಮ್ ಹಾಕ್ಕೊಂಡು ಕಾಯ್ತಿರ್ತಾರೆ," ಎಂದಳು.

ಆ ವ್ಯಾನ್ ಈಗಲೂ ನಮ್ಮ ಹತ್ತಿರವಿದೆ. ನನ್ನ ಬೆಂಚಿಗೂ ಪ್ಲೈವುಡ್ಡೇ. ರಾತ್ರಿ ಮತ್ತೆಂದೂ ಸದ್ದಾಗಿಲ್ಲ, ವಾಸನೆ ಬಂದಿಲ್ಲ. ಆದರೂ ಮಲಗುವಾಗ ನಾನು ಮಂಡಿ ಮಡಚಿಕೊಂಡೇ ಮಲಗುತ್ತೇನೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಗೇರ್ ಹಾಕದೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂರುತ್ತೇನೆ, ಒಂದು ಏಟು ಬಿದ್ದರೆ ಇನ್ನೇನು ಬಾಕಿಯೋ ಎಂದು. ಗಿರಿಜಾ ಯಾಕೆ ಎಂದು ಕೇಳುವುದಿಲ್ಲ. ಅವಳೂ ಕಾಯುತ್ತಾಳೆ.