ಅಕ್ಕೋರು ಬರೆದ ನನ್ನ ಕಥೆ

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ‘ಕ’ ತೋರಿಸಿದರೆ ಬೆರಳು ‘ಖ’ದ ಮೇಲಿರುತ್ತಿತ್ತು. ಹಗರಿಬೊಮ್ಮನಹಳ್ಳಿಯ ರೈಲು ಹಳಿಯ ಪಕ್ಕ, ತಗಡಿನ ಮನೆಗಳ ನಮ್ಮ ಓಣಿಯ ಮಕ್ಕಳೆಲ್ಲ ಆ ಬೆರಳನ್ನು ಬಿಟ್ಟು ಅದರ ಎಡಕ್ಕೆ ನೋಡುವುದನ್ನು ಕಲಿತಿದ್ದೆವು.

ಚರ್ಚಿನವರು ಓಣಿಯ ಕೊನೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಅವರು ಪಾಠ ಹೇಳಲು ವಾರಕ್ಕೆ ಮೂರು ಸಂಜೆ ಬರುತ್ತಿದ್ದರು. ನಮಗೆಲ್ಲ ಅವರು ಅಕ್ಕೋರು. ಮೊದಲು ಯೇಸುವಿನ ಒಂದು ಹಾಡು, ಆಮೇಲೆ ಅಕ್ಷರ, ಕೊನೆಗೆ ಬಿಸ್ಕತ್ತು. ನಡುವೆ ಯಾರಾದರೂ ತಲೆ ಕೆರೆದುಕೊಂಡರೆ ಹತ್ತಿರ ಕೂರಿಸಿಕೊಂಡು ಹೇನು ತೆಗೆಯುತ್ತಿದ್ದರು. ಓದುವಾಗ ತಡವರಿಸಿದರೆ, “ತಪ್ಪಾದ್ರ ಆಗ್ಲಿ, ಜೋರಾಗಿ ಓದು” ಎನ್ನುತ್ತಿದ್ದರು. ಒಮ್ಮೆ ವಾಂತಿಭೇದಿಯಾಗಿ ನಾನು ಕಣ್ಣು ಮೇಲೆ ಮಾಡಿದಾಗ, ಅಪ್ಪ ಗ್ಯಾರೇಜಿನಿಂದ ಬರುವಷ್ಟರಲ್ಲಿ ಅವರು ನನ್ನನ್ನು ಹೆಗಲ ಮೇಲೆ ಹೊತ್ತು ಸರ್ಕಾರಿ ಆಸ್ಪತ್ರೆ ಮುಟ್ಟಿದ್ದರು.

ನನ್ನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಅವ್ವನನ್ನೂ ಒಂದು ದಿನ ಒಳಗೆ ಕರೆದರು.

“ಈ ವಯಸ್ಸಿನಾಗ ನನಗ್ಯಾಕ್ರಿ ಓದು?” ಎಂದು ಅವ್ವ ನಕ್ಕಳು.

“ನಿನಗೇನ್ ಮಹಾ ವಯಸ್ಸಾಗೇತಿ? ಬಾ, ಕುಂದ್ರು.”

ಅವ್ವ ಕುಳಿತಳು. ಎರಡು ವರ್ಷದಲ್ಲಿ ಅಕ್ಷರ ಕೂಡಿಸಿ ಓದುವಷ್ಟಾದಳು.

ನಾನು ಐದನೆಯ ತರಗತಿಯಲ್ಲಿದ್ದಾಗ ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಬಂದರು. ಉಜ್ಜಿನಿಯಿಂದ ಸೋದರಮಾವ ತಂದಿದ್ದ ಹೊಸ ಲಂಗ ಹಾಕಿಕೊಂಡು ಓಡಿದೆ. “ಇದು ಬ್ಯಾಡವ್ವ, ಹಳೇದು ಹಾಕ್ಕೊಂಡ್ ಬಾ” ಎಂದು ಅಕ್ಕೋರು ಮನೆಗೆ ಕಳಿಸಿದರು. ಯಾಕೆಂದು ನಾನು ಕೇಳಲಿಲ್ಲ. ಅಕ್ಕೋರು ಹೇಳಿದ ಮೇಲೆ ಮುಗಿಯಿತು.

ಕ್ರಿಸ್‌ಮಸ್ಸಿಗೆ ಮುಂಚೆ ಕೋಣೆ ಒರೆಸಲು ಹೋದ ಅವ್ವನಿಗೆ ಬೀರುವಿನ ಮೇಲೆ ಬಣ್ಣದ ಕರಪತ್ರಗಳ ಕಟ್ಟು ಸಿಕ್ಕಿತು. ಚರ್ಚುಗಳಲ್ಲಿ ಹಂಚಿ ಸಹಾಯ ಕೇಳಲು ಮಾಡಿಸಿದ್ದವು. ಮೇಲೆ ನನ್ನ ಫೋಟೊ. ಅವ್ವ ಖುಷಿಯಿಂದ ನನ್ನನ್ನು ಕೂಗಿದಳು, ತಾನೇ ಓದುತ್ತೇನೆಂದು ನೆಲಕ್ಕೆ ಕುಳಿತು ಜೋರಾಗಿ ಓದಿದಳು: “ತಂ-ದೆ ಕು-ಡು-ಕ. ತಾ-ಯಿ ತೀ-ರಿ-ಕೊಂ-ಡಿ-ದ್ದಾ-ಳೆ.”

ಇನ್ನೊಮ್ಮೆ ಓದಿದಳು. ತಪ್ಪು ಓದಿದೆನೇನೋ ಎಂದು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ನಮ್ಮಪ್ಪ ಬೀಡಿಯನ್ನೂ ಮುಟ್ಟಿದವನಲ್ಲ.

ಅಕ್ಕೋರು ಬರುವವರೆಗೂ ಅವ್ವ ಕರಪತ್ರ ಹಿಡಿದೇ ನಿಂತಿದ್ದಳು.

“ಇದನ್ನ ಯಾರು ಬರದಾರ್ರಿ?”

ಅವರು ಮುಚ್ಚಿಡಲಿಲ್ಲ. “ನಾನ ಬರದೀನವ್ವ. ಎಲ್ಲಾ ಚೊಲೊ ಐತಿ ಅಂತ ಬರದ್ರ ಈ ಸಾಲಿ ನಡಿಯಂಗಿಲ್ಲ. ನಿಮ್ಮ ಸಲುವಾಗೇ ಬರದೀನಿ.”

“ನನ್ನ ಸಲುವಾಗಿ ನನ್ನನ್ನ ಸಾಯಿಸಿದ್ರೇನ್ರಿ? ನನಗ ಓದಾಕ ಕಲಿಸಿದ್ದೂ ಮರತ್ರೇನು?”



ನಾವು ಮತ್ತೆ ಅಲ್ಲಿಗೆ ಹೋಗಲಿಲ್ಲ. ನಾಲ್ಕು ದಿನ ಬಿಟ್ಟು ಅವರು ಮನೆಯ ಮುಂದೆ ಬಂದು ನನ್ನನ್ನು ಕರೆದರು. ನಾನು ಒಳಗಿನಿಂದ ಅಗಳಿ ಹಾಕಿಕೊಂಡೆ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದ ದಿನವೂ ಅವರು ನನ್ನಲ್ಲಿ ಒಂದು ಫೋಟೊವನ್ನೇ ಕಂಡಿದ್ದರೇ? ಅಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅದನ್ನು ನಂಬುವ ಧೈರ್ಯ ಹೋಗಿತ್ತು. ಅಂದಿನಿಂದ ಯಾರು ಅಕ್ಕರೆ ತೋರಿದರೂ, ಇವರಿಗೆ ನನ್ನಿಂದ ಏನು ಬೇಕು ಎಂದೇ ಮೊದಲು ಯೋಚಿಸುತ್ತೇನೆ.

ಹೋದ ವರ್ಷ ಅವರು ತೀರಿಕೊಂಡರು. ನಾನು ಹಡಗಲಿಯಲ್ಲಿ ನರ್ಸ್ ಆಗಿದ್ದೇನೆ. ಅಂದು ರಜೆಯ ಮೇಲೆ ಊರಲ್ಲೇ ಇದ್ದೆ. ಆದರೂ ಮಣ್ಣಿಗೆ ಹೋಗಲಿಲ್ಲ. ಅವ್ವ ಹೋದಳು. ಬಂದು ಸ್ನಾನ ಮಾಡಿ ಹೊಸ್ತಿಲ ಮೇಲೆ ಕುಳಿತು ಹೇಳಿದಳು: “ಈ ಓಣಿಗೆ ಬಂದಾಗಿಂದ ಎಲ್ಲಾರಿಗೂ ನಾನು ಗ್ಯಾರೇಜಿನವ್ನ ಹೆಂಡ್ತಿ. ನನ್ನ ಹೆಸರು ಹಿಡಿದು ಕರದವ್ರು ಅಂದ್ರ ಅಕ್ಕೋರೊಬ್ರ.”

ಅವ್ವ ಅವರನ್ನು ಕ್ಷಮಿಸಿದ್ದಳೋ ಏನೋ, ನಾನು ಕೇಳಲಿಲ್ಲ. ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ.