ಅಪ್ಪನ ಬಾವಿಯ ನೀರು

ನನಗೆ ಸುಮ್ಮನೆ ಕೂತು ಗೊತ್ತಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ ಹುಬ್ಬಳ್ಳಿ ನವನಗರದ ಮನೆಯಲ್ಲಿ ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಗೇಟಿಗೆ ತಿರುಗುತ್ತಲೇ ಇರುತ್ತೇನೆ. ಮಗಳು ಚೊಚ್ಚಲ ಬಾಣಂತನಕ್ಕೆ ಬಂದ ಮೇಲೆ ಈ ಚಟ ಇನ್ನೂ ಹೆಚ್ಚಾಯಿತು. ಕೂಸು ಸೀನಿದರೂ ಎದ್ದು ನಿಲ್ಲುತ್ತಿದ್ದೆ.

"ಅವ್ವಾ, ಇಲಿ ಹೋದ್ರ ಹುಲಿ ಹೋತು ಅಂತಿ. ಒಂದೀಟು ಕೂಡು," ಎಂದು ಮಗಳು ನಗುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಚಿಂತೆ ನೀರಿನದು. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಅದೂ ಪುಣ್ಯವಿದ್ದರೆ. ತೊಟ್ಟಿಯಲ್ಲಿ ಅಷ್ಟು ದಿನ ನಿಂತ ನೀರನ್ನು ಬಾಣಂತಿಗೆ, ಕೂಸಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕ್ಯಾನಿನಲ್ಲಿ ನೀರು ಮಾರುವವರನ್ನು ನಾನು ನಂಬುವುದೂ ಇಲ್ಲ. ನಮ್ಮ ಮನೆತನದಲ್ಲಿ ಒಂದು ರೂಢಿ ಉಂಟು. ಬಾಣಂತಿ ಎಲ್ಲೇ ಇರಲಿ, ಅವಳಿಗೆ ನನ್ನ ಅಪ್ಪ ಹೊಲದಲ್ಲಿ ತೋಡಿಸಿದ ಬಾವಿಯ ನೀರೇ ಆಗಬೇಕು. ನನ್ನ ಬಾಣಂತನವೂ ಅದೇ ನೀರಿನಲ್ಲಿ ಆಗಿತ್ತು. ಆ ಹಳ್ಳಿ ಧಾರವಾಡದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಹೊಲ ಈಗ ನನ್ನ ಅಣ್ಣನ ಕೈಯಲ್ಲಿದೆ. ಫೋನ್ ಮಾಡಿದ ಮರುದಿನವೇ ಅವನು ಎರಡು ಕ್ಯಾನು ನೀರು ತುಂಬಿಸಿ ಬಸ್ಸಿಗೆ ಹಾಕಿದ. ಆಮೇಲೆ ಎರಡು ದಿನಕ್ಕೊಮ್ಮೆ ಅದು ತಪ್ಪಲಿಲ್ಲ.

ಮಗಳಿಗೆ ಎದೆಹಾಲು ಸಾಲದೆ ಪುಡಿ ಹಾಲು ಶುರುವಾಯಿತು. ಅದಕ್ಕೆ ಬೆರೆಸುವ ನೀರಿನ ಪಾತ್ರೆಯನ್ನು ನಾನು ಯಾರಿಗೂ ಮುಟ್ಟಗೊಡಲಿಲ್ಲ. ಉಳಿದವರು ಒಂದು ಕುದಿ ಬಂದರೆ ಇಳಿಸುತ್ತಾರೆ, ನಾನು ಅರ್ಧ ತಾಸು ಕುದಿಸುತ್ತಿದ್ದೆ. ತುಂಬಿಟ್ಟ ಪಾತ್ರೆ ಅರ್ಧಕ್ಕಿಳಿದರೇ ನನ್ನ ಜೀವಕ್ಕೆ ಸಮಾಧಾನ. ಈ ಶಿಸ್ತಿನ ಬಗ್ಗೆ ಬೀಗರ ಮುಂದೆ ಜಂಬವನ್ನೂ ಕೊಚ್ಚಿದ್ದೆ.

ಜಡಿಮಳೆ ಹಿಡಿದ ದಿನಗಳು. ಕೂಸಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಅದರ ತುಟಿ ಮಂಕಾಗಿ ಕಂಡವು. ಥಂಡಿಗಿರಬೇಕು ಎಂದು ಕುಲಾವಿ ಕಟ್ಟಿದೆ, ಇನ್ನೊಂದು ದುಪ್ಪಟಿ ಹೊದಿಸಿದೆ. ಮೈ ಬೆಚ್ಚಗಾಗಲಿ ಎಂದು ಹಾಲನ್ನೂ ಹೆಚ್ಚಿಸಿದೆ. ಆಮೇಲೆ ಒಂದು ಮುಂಜಾನೆ ಅದು ಅಳುವುದನ್ನೇ ನಿಲ್ಲಿಸಿತು. ಉಗುರಿನ ಬುಡವೆಲ್ಲ ನೀಲಿ. ಆಟೋದಲ್ಲಿ ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವವರೆಗೆ ಡ್ರೈವರನಿಗೆ ಎಷ್ಟು ಸಲ ಬೈದೆನೋ ನನಗೆ ನೆನಪಿಲ್ಲ. ಪಾಪ, ಅವನು ಓಡಿಸುತ್ತಲೇ ಇದ್ದ.

ಆಕ್ಸಿಜನ್ ಕೊಟ್ಟರೂ ತುಟಿ ಕೆಂಪಾಗಲಿಲ್ಲ. ತೆಗೆದ ರಕ್ತ ಚಾಕಲೇಟಿನ ಬಣ್ಣಕ್ಕಿತ್ತು. ಡಾಕ್ಟರಮ್ಮ ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ಹಾಲಿನ ಪುಡಿಗೆ ಎಲ್ಲಿಯ ನೀರು ಹಾಕ್ತೀರಿ?"

"ನಮ್ಮ ಅಪ್ಪನ ಬಾವಿ ನೀರ್ರಿ. ಅರ್ಧ ತಾಸು ಕುದಸ್ತೇನ್ರಿ."

"ಬಾವಿ ಸುತ್ತ ಏನು ಬೆಳಿತಾರ್ರಿ?"

"ಗೊಂಜಾಳ," ಎಂದೆ. ಮೆಕ್ಕೆಜೋಳಕ್ಕೆ ನಮ್ಮ ಕಡೆ ಅದೇ ಹೆಸರು.

"ಯೂರಿಯಾ ಹಾಕ್ತಾರೇನ್ರಿ?"

"ಯಾರು ಹಾಕಂಗಿಲ್ಲರಿ ಈಗ?" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

ಔಷಧ ಕೊಡಲು ನರ್ಸಿಗೆ ಹೇಳಿ ಅವರು ನನ್ನನ್ನು ಕೂಡಿಸಿ ವಿವರಿಸಿದರು. ಬೆಳೆ ಹೀರದೆ ಉಳಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ, ಮಳೆ ಬಿದ್ದಾಗ ಇಳಿದು ಬಾವಿ ಸೇರುತ್ತದೆ. ದೊಡ್ಡವರಿಗೆ ಅದರ ತೊಂದರೆ ಬೇಗ ತಿಳಿಯುವುದಿಲ್ಲ. ಎಳೆಗೂಸಿನ ರಕ್ತ ಮಾತ್ರ ಅದರಿಂದ ಕೆಟ್ಟು ಪ್ರಾಣವಾಯುವನ್ನು ಹೊರಲಾರದಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಉಪ್ಪುನೀರು ಕುದಿಸಿದರೆ ಉಪ್ಪು ತಳದಲ್ಲಿ ಉಳಿಯುತ್ತದೆ ಎಂಬ ಪಾಠವನ್ನು ವರ್ಷ ವರ್ಷ ಮಕ್ಕಳಿಗೆ ಮಾಡಿ ತೋರಿಸಿದವಳು ನಾನು. ನನ್ನ ಮೊಮ್ಮಗಳಿಗೆ ಒಲೆಯ ಮುಂದೆ ನಿಂತು ನಾನೇ ವಿಷ ಕಾಸಿದ್ದೆ.

ರಕ್ತನಾಳಕ್ಕೆ ಬಿಟ್ಟ ಔಷಧವೂ ನೀಲಿಯೇ. ಅದು ಒಳಗೆ ಹೋಗುವಾಗ ನಾನು ವರಾಂಡದಲ್ಲಿ ತಿರುಗುತ್ತಿದ್ದೆ, ಕೂಡು ಎಂದು ಹೇಳುವವರಿರಲಿಲ್ಲ. ಸಂಜೆಗೆ ತುಟಿ ಕೆಂಪಾದವು, ಕೂಸು ವಾರ್ಡಿಗೆಲ್ಲ ಕೇಳುವಂತೆ ಅತ್ತಿತು. ಮಗಳು ನನಗೆ ಚಹಾ ತರಿಸಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಕ್ಯಾನಿನಲ್ಲಿ ಉಳಿದ ನೀರನ್ನು ಪರೀಕ್ಷೆಗೆ ಕೊಟ್ಟೆ. ಕುಡಿಯಲು ಯೋಗ್ಯವಲ್ಲ ಎಂದು ಬಂತು. ಆ ಚೀಟಿ ಕೈಯಲ್ಲಿರುವಾಗಲೇ ಅಣ್ಣನ ಸೊಸೆ ಕಣ್ಮುಂದೆ ಬಂದಳು. ಅವಳು ಎಂಟು ತಿಂಗಳ ಬಸುರಿ. ಮರುದಿನ ಮೊದಲ ಬಸ್ಸು ಹಿಡಿದೆ.

ಅಣ್ಣ ಅಂಗಳದಲ್ಲಿ ಗೊಬ್ಬರದ ಚೀಲದ ಹೊಲಿಗೆ ಬಿಚ್ಚುತ್ತಿದ್ದ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಎರಡನೇ ಸಲ ಯೂರಿಯಾ ಎಸೆಯುವ ಆತುರ ಅವನದು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಕೂಸಿನ ಸುದ್ದಿಗೆ ಅವನ ಕಣ್ಣು ತುಂಬಿದವು. ಬಾವಿಯ ಸುದ್ದಿ ಬಂದೊಡನೆ ಮುಖ ಬಿಗಿಯಿತು.

"ಅರವತ್ತು ದಾಟಿದಿ, ಇದ ನೀರು ಕುಡದು. ಈಗ ಅಪ್ಪನ ಬಾವಿಗೆ ಹೆಸರಿಡಾಕ ಬಂದಿಯೇನು?"

"ಅಪ್ಪ ತಿಪ್ಪಿ ಗೊಬ್ಬರ ಬಿಟ್ಟು ಬ್ಯಾರೆ ಹಾಕ್ತಿದ್ದಿಲ್ಲ, ಅಣ್ಣಾ."

"ಅಪ್ಪನ ಕಾಲದಾಗ ಭೂಮಿ ಬ್ಯಾರೆ ಇತ್ತು. ಈಗ ಯೂರಿಯಾ ಕಡಿಮಿ ಮಾಡಿದ್ರ ಬೆಳಿ ಹಳದಿ ಬೀಳತೈತಿ. ಬಾಜೂ ಹೊಲದಾಂವಂದು ಹಸರಾಗಿ ನಿಂತಿರ್ತೈತಿ. ಹ್ವಾದ ವರ್ಷ ಗೊಬ್ಬರ ಸಿಗದಾಗ ಹುಬ್ಬಳ್ಳ್ಯಾಗ ಪಾಳಿ ಹಚ್ಚಿ ನನಗ ಚೀಲ ಕಳಿಸಿದಾಕಿ ಯಾರು?"

ನಾನೇ. ಸಾಲಿನ ನಡುವೆ ನುಗ್ಗಿದವನೊಬ್ಬನ ಜೊತೆ ಜಗಳ ಮಾಡಿ, ಗೆದ್ದು, ಎರಡು ಚೀಲ ಬಸ್ಸಿಗೆ ಹಾಕಿಸಿದ್ದೆ. ಅಣ್ಣನ ಹಸಿರು ಹೊಲದ ಫೋಟೋವನ್ನು ಊರಿಗೆಲ್ಲ ತೋರಿಸಿದ್ದೂ ನಾನೇ. ಅತಿಯಾದರೆ ಅಮೃತವೂ ವಿಷ ಎಂದು ಈಗ ಅವನೊಬ್ಬನಿಗೇ ಬೋಧಿಸುವ ಮುಖ ನನಗೆಲ್ಲಿತ್ತು?

ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಅವಳ ಕಡೆ ತಿರುಗಿದೆ.

"ನೀ ಲಗೂನ ತವರಿಗೆ ಹೋಗಿಬಿಡವ್ವ."

"ಅಲ್ಲೂ ಹೊಲದಾಗಿನ ಬೋರಿನ ನೀರ ಐತ್ರಿ, ಅತ್ತಿ. ನಮ್ಮಪ್ಪನೂ ಗೊಂಜಾಳನ ಹಾಕ್ಯಾನ್ರಿ."

"ಹಂಗಾದ್ರ ನನ್ನ ಮನಿಗೆ ಬಾ. ಬಾಣಂತನ ನಾ ಮಾಡ್ತೇನಿ."

ಅಣ್ಣ ಚೀಲ ಬಿಟ್ಟು ಎದ್ದ. "ಚೊಚ್ಚಲ ಬಾಣಂತನ ತವರು ಬಿಟ್ಟು ಗಂಡನ ಸೋದರತ್ತಿ ಮನ್ಯಾಗ ಮಾಡ್ತಾರೇನು? ಬೀಗರಿಗೆ ನಾ ಹ್ಯಾಂಗ ಮುಖ ತೋರಸ್ಲಿ?"

ಅವಳು ಮಾವನ ಮುಖ ನೋಡಿ ಬಾಗಿಲ ಮರೆಗೆ ಸರಿದಳು. ಎದೆಹಾಲು ಕುಡಿಸಿದರೆ ಇಷ್ಟು ಭಯವಿಲ್ಲವೆಂದು ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ಹಾಲಿನ ಪುಡಿಯೇ ಬೇಕಾದರೆ ಪರೀಕ್ಷೆ ಮಾಡಿಸಿದ ನೀರನ್ನು ಬೇರೆ ಕಡೆಯಿಂದ ತರಿಸು ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಅಣ್ಣ ಬುಟ್ಟಿಗೆ ಯೂರಿಯಾ ತುಂಬಿಕೊಂಡು ಹೊಲಕ್ಕೆ ಹೊರಟುಹೋದ.

ಅವನು ಮರೆಯಾದ ಮೇಲೆ ಅವಳು ಹತ್ತಿರ ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಅತ್ತಿ, ಕೂಸಿನ ತುಟಿ ಮೊದಲು ಹ್ಯಾಂಗ ಕಂಡ್ವು, ಬರೋಬರಿ ಹೇಳ್ರಿ. ನನಗ ಗುರ್ತ ಸಿಗಬೇಕು."

ನಾನು ಹೇಳಿದೆ. ಮೊದಲು ನೀಲಿ ಅಲ್ಲ, ಬೂದಿ ಬಣ್ಣ. ಹಾಲು ಕುಡಿಯುವಾಗ ಹೆಚ್ಚು ಕಾಣುತ್ತದೆ. ಆಮೇಲೆ ಉಗುರು. ಅವಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಮಗಳಿಗೂ ಡಾಕ್ಟರಿಗೂ ಹೇಳದ ಮಾತೊಂದು ನನ್ನ ಬಾಯಿಂದ ಆಗ ಹೊರಬಿತ್ತು.

"ಥಂಡಿ ಅಂತ ತಿಳದು ನಾ ಮೂರು ದಿನ ನೋಡಕೋತ ಕುಂತೆ. ನೀ ಒಂದು ತಾಸೂ ಕೂಡಬ್ಯಾಡವ್ವ."